ಇಂಜಿನ್ನಿಗೆ ಜಾಗ ಬಿಟ್ಟ ಸೀಟು

ಮನೆಯ ಸೋಫಾ, ಕುರ್ಚಿಗಳ ಬಟ್ಟೆ ಬದಲಾಯಿಸಲು ಕಳೆದ ವಾರ ಗರುಡಾಚಾರ್‌ಪಾಳ್ಯದಿಂದ ಕುಶನ್ ಕೆಲಸದವರೊಬ್ಬರು ಬಂದಿದ್ದರು. ಟೇಪು ಹಿಡಿದು ಒಂದೊಂದನ್ನೇ ಅಳೆಯುತ್ತ ಬಂದವರು ವರಾಂಡದ ಮೂಲೆಯಲ್ಲಿ ನಿಂತುಬಿಟ್ಟರು. ಅಲ್ಲಿ ಮರದ ಚೌಕಟ್ಟಿನ ಮೇಲೆ ಒಂದು ಉದ್ದನೆಯ ಸೀಟು ಇದೆ. ಕಂದು ಬಣ್ಣದ ರೆಕ್ಸಿನ್ನು, ಒಳಗೆ ಸ್ಪ್ರಿಂಗು. ಬಲಗಡೆಯ ತುದಿ ಎಡಗಡೆಗಿಂತ ಹೆಚ್ಚು ಸವೆದು ತಗ್ಗಾಗಿದೆ.

"ಸಾರ್, ಇದು ಕಾರಿಂದಲ್ವಾ?"

"ಹೌದ್ರಿ."

"ಕಾರೆಲ್ಲಿ?"

"ಹಲಸೂರಿನಾಗ ಅದ. ಓಡ್ತದ."

"ಹಿಂದಿನ ಸೀಟಿಲ್ದೇನಾ?"

"ಸೀಟಿನ ಜಾಗದಾಗ ಇಂಜಿನ್ ಕುಂತದ."

ಅವರು ಟೇಪನ್ನು ನಿಧಾನವಾಗಿ ಸುತ್ತಿಕೊಂಡರು. ಒಳಗಿನಿಂದ ನನ್ನ ಹೆಂಡತಿ, "ನಿಜಾನೇ ಹೇಳ್ತಿದ್ದಾರೆ ರೀ. ಮದುವೆಯಾದ ಹೊಸದರಲ್ಲಿ ನಾನೂ ನಂಬಿರ್ಲಿಲ್ಲ. ಹೋಗಿ ನೋಡಿಕೊಂಡು ಬಂದೆ" ಎಂದು ಸಾಕ್ಷಿ ನುಡಿದಳು.

ಪತ್ರಿಕೆಯಲ್ಲಿ ಕೆಲಸ ಕಲಿತವರು ಮುಖ್ಯ ಸಂಗತಿಯನ್ನು ಮೊದಲ ಪ್ಯಾರಾದಲ್ಲೇ ಹೇಳಿ ಮುಗಿಸಬೇಕು. ನಾನು ಈ ಸೀಟಿನ ವಿಷಯದಲ್ಲಿ ಹಲವು ಸಲ ಪ್ರಯತ್ನಿಸಿದ್ದೇನೆ. ಪ್ರತಿ ಸಲವೂ ಕೇಳಿದವರು ಟೇಪು ಸುತ್ತಿಕೊಂಡಿದ್ದಾರೆ. ಆದ್ದರಿಂದ ಈ ಸಲ ಸ್ವಲ್ಪ ದೂರದಿಂದ ಬರುತ್ತೇನೆ. ನಿಮಗೆ ಅವಸರವಿಲ್ಲ ಎಂದು ನಂಬಿದ್ದೇನೆ.

ತೊಂಬತ್ತರ ದಶಕದ ನಡುವಿನ ವರ್ಷಗಳು. ಯಾದಗಿರಿ ಕಡೆಯಿಂದ ಬಂದು ಕನ್ನಡ ದಿನಪತ್ರಿಕೆಯೊಂದರಲ್ಲಿ ಉಪಸಂಪಾದಕನಾಗಿದ್ದೆ. ರಾತ್ರಿ ಪಾಳಿ. ಹಲಸೂರಿನ ಒಂದು ಇಕ್ಕಟ್ಟಾದ ಅಡ್ಡರಸ್ತೆಯಲ್ಲಿ ಮಹಡಿ ಮೇಲಿನ ಒಂಟಿ ಕೋಣೆಯಲ್ಲಿ ಬಾಡಿಗೆಗಿದ್ದೆ. ಕೆಳಗೆ ಮನೆಯ ಮಾಲೀಕರಾದ ಧನಪಾಲ್ ಮೇಸ್ತ್ರಿ, ಅವರ ಹೆಂಡತಿ ಕಮಲಮ್ಮ, ಮಗಳು ರೇವತಿ. ಮನೆಯ ಪಕ್ಕದಲ್ಲಿ ಶೀಟು ಹೊದಿಸಿದ ಶೆಡ್ಡು. ಅದೇ ಮೇಸ್ತ್ರಿಯವರ ಗ್ಯಾರೇಜು. ಬೆಳಿಗ್ಗೆ ನಾನು ಮಲಗುವ ಹೊತ್ತಿಗೆ ಅವರ ಸುತ್ತಿಗೆ ಏಳುತ್ತಿತ್ತು. ಮೊದಲ ತಿಂಗಳು ಕಿವಿಗೆ ಹತ್ತಿ ಇಟ್ಟುಕೊಂಡೆ. ಎರಡನೇ ತಿಂಗಳಿಗೆ ಸುತ್ತಿಗೆ ನಿಂತರೆ ಎಚ್ಚರವಾಗುವಂತಾಯಿತು.

ಮೇಸ್ತ್ರಿ ಮನೆಯಲ್ಲಿ ತಮಿಳು, ಬೀದಿಯಲ್ಲಿ ದಖನಿ, ನನ್ನೊಡನೆ ಕನ್ನಡ ಮಾತಾಡುತ್ತಿದ್ದರು. ಕಾರಿನ ಜೊತೆ ಮೂರೂ. ಕಮಲಮ್ಮ ಮಾಲೂರು ಕಡೆಯವರು. ಅವರು ಎಲ್ಲರೊಡನೆಯೂ ಕನ್ನಡದಲ್ಲೇ ಮಾತಾಡುತ್ತಿದ್ದರು, ಅರ್ಥವಾಗದವರು ಕಲಿತುಕೊಳ್ಳುತ್ತಿದ್ದರು. ರೇವತಿಗೆ ಆಗ ಇಪ್ಪತ್ನಾಲ್ಕು ಇರಬಹುದು. ಬೈಯಪ್ಪನಹಳ್ಳಿ ಕಡೆಯ ಕಾರ್ಖಾನೆಯೊಂದರಲ್ಲಿ ಕೆಲಸ. ಅಪ್ಪನ ಸ್ಪ್ಯಾನರುಗಳ ನಂಬರನ್ನು ಮುಟ್ಟಿಯೇ ಹೇಳಬಲ್ಲವಳು.

ಮನೆಗೆ ಒಂದು ಕಾರಿತ್ತು. ಬೆನ್ನು ದುಂಡಗಿನ ಹಳೆಯ ಜರ್ಮನ್ ಕಾರು. ಬೆನ್ಸನ್ ಟೌನಿನ ಬಂಗಲೆಯೊಂದರ ಹಿತ್ತಿಲಲ್ಲಿ ಕೋಳಿಗಳ ವಾಸಸ್ಥಾನವಾಗಿದ್ದುದನ್ನು ಮೇಸ್ತ್ರಿ ತಂದು ಎಬ್ಬಿಸಿದ್ದರು. ಬೀದಿಯವರೆಲ್ಲ ಅದನ್ನು ಆಮೆ ಕಾರು ಎನ್ನುತ್ತಿದ್ದರು. ಬಾನೆಟ್ಟು ಎತ್ತಿದರೆ ಅಲ್ಲಿ ಸ್ಟೆಪ್ನಿ. ಇಂಜಿನ್ ಇರುವುದು ಹಿಂದೆ, ಹಿಂಚಕ್ರಗಳಿಗೂ ಹಿಂದೆ, ಬಾಲದಲ್ಲಿ. ಭಾನುವಾರ ಮನೆಯವರು ಹೊರಟರೆ ರೇವತಿ ಸ್ಟಿಯರಿಂಗಿನಲ್ಲಿ, ಮೇಸ್ತ್ರಿ ಪಕ್ಕದಲ್ಲಿ ಟೂಲ್ ಬಾಕ್ಸು ತೊಡೆಯ ಮೇಲಿಟ್ಟುಕೊಂಡು, ಕಮಲಮ್ಮ ಹಿಂದಿನ ಸೀಟಿನ ಬಲತುದಿಯಲ್ಲಿ. ಆ ತುದಿ ಯಾಕೆ ಸವೆದಿದೆ ಎಂಬುದು ಈಗ ನಿಮಗೆ ಗೊತ್ತಾಗಿರಬೇಕು.

ಮೇಸ್ತ್ರಿಯವರಿಗೆ ಒಂದು ಹಳೆಯ ಆಸೆಯಿತ್ತು. ಇಪ್ಪತ್ತು ವರ್ಷದಿಂದ ಅವರು ದಂಡುಪ್ರದೇಶದ ಉಳ್ಳವರ ರೇಸ್ ಕಾರುಗಳನ್ನು ಸಿದ್ಧಪಡಿಸಿಕೊಟ್ಟಿದ್ದರು. ಪ್ರವೇಶ ಅರ್ಜಿಯಲ್ಲಿ 'ವಾಹನ ಸಿದ್ಧಪಡಿಸಿದವರು' ಎಂದೊಂದು ಗೆರೆ ಇರುತ್ತದಂತೆ. ಅಲ್ಲಿ ಯಾವಾಗಲೂ ಕಾರಿನ ಯಜಮಾನರ ಹೆಸರೇ. "ನಾನು ಯಾರ ಮೇಲೂ ಕಂಪ್ಲೇಂಟ್ ಹೇಳ್ತಿಲ್ಲ ಸಾರ್. ಅವ್ರ ಕಾರು, ಅವ್ರ ಪೆನ್ನು. ಒಂದ್ಸಲ ನಮ್ಮ ಕಾರು, ನಮ್ಮ ಪೆನ್ನು ಆಗ್ಬೇಕು, ಅಷ್ಟೇ" ಎಂದು ಒಂದು ಬೆಳಿಗ್ಗೆ ಹೇಳಿದರು.

ಕೆ.ಆರ್. ಪುರ ದಾಟಿ ಹೊಸಕೋಟೆ ಕಡೆಗಿನ ಒಂದು ಬಯಲಿನಲ್ಲಿ ವರ್ಷಕ್ಕೊಮ್ಮೆ ಮಣ್ಣಿನ ರೇಸು ನಡೆಯುತ್ತಿತ್ತು. ಟೈರುಗಳನ್ನು ಇಟ್ಟು, ಸುಣ್ಣದ ಗೆರೆ ಎಳೆದು ಮಾಡಿದ ಅಂಕುಡೊಂಕು ದಾರಿ. ಒಂದು ಸಲಕ್ಕೆ ಒಂದೇ ಕಾರು, ಗಡಿಯಾರದ ಎದುರು ಓಟ. ಆಮೆ ಕಾರು ಅಲ್ಲಿ ಓಡಬೇಕು, ರೇವತಿ ಓಡಿಸಬೇಕು. ಆದರೆ ತಿರುವಿನಲ್ಲಿ ಅದಕ್ಕೆ ಒಂದು ದುರಭ್ಯಾಸವಿತ್ತು. ಇಂಜಿನ್ನಿನ ಭಾರವೆಲ್ಲ ಬಾಲದಲ್ಲಿರುವುದರಿಂದ, ಜೋರಾಗಿ ತಿರುಗಿಸಿದರೆ ಹಿಂಭಾಗ ಬೀಸಿಕೊಂಡು ಹೊರಗೆ ಹೋಗುತ್ತಿತ್ತು.

ಇದನ್ನು ಮೇಸ್ತ್ರಿ ನನಗೆ ಎರಡು ಆಲೂಗಡ್ಡೆ, ಒಂದು ಕಡ್ಡಿ ಇಟ್ಟುಕೊಂಡು ವಿವರಿಸಲು ಹೊರಟರು. ನನಗೆ ಆಲೂಗಡ್ಡೆ ಬೇಕಾಗಲಿಲ್ಲ. ನನ್ನ ಬಾಲ್ಯ ಕಳೆದದ್ದು ಟಾಂಗಾದ ಹಿಂಬದಿಯಲ್ಲಿ. ಯಾದಗಿರಿ ಸ್ಟೇಷನ್ನಿನಿಂದ ಮನೆಗೆ ಬರುವಾಗ ದೊಡ್ಡವರು ಮುಂದೆ, ನಾನೂ ನನ್ನ ತಂಗಿಯೂ ಹಿಂದೆ, ಹಿಂದಕ್ಕೆ ಮುಖಮಾಡಿ, ಕಾಲು ಇಳಿಬಿಟ್ಟುಕೊಂಡು. ಮುಂದೆ ಏನು ಬರುತ್ತಿದೆ ಎಂದು ನಮಗೆ ಕಾಣುತ್ತಿರಲಿಲ್ಲ. ದಾಟಿ ಬಂದ ಹುಣಸೆಮರ, ದಾಟಿ ಬಂದ ಸೋಡಾ ಅಂಗಡಿ, ದಾಟಿ ಬಂದ ನಾಯಿ, ಇಷ್ಟೇ ನಮ್ಮ ಪ್ರಪಂಚ. ಟಾಂಗಾದವನು ಪ್ರತಿ ಸಲವೂ ಹೊರಡುವ ಮುನ್ನ ನೆಲದ ಮೇಲೆ ನಿಂತು ಒಮ್ಮೆ ಕಣ್ಣು ಹಾಯಿಸುತ್ತಿದ್ದ. ಹಿಂದೆ ಭಾರ ಜಾಸ್ತಿ ಅನ್ನಿಸಿದರೆ, "ಅಕ್ಕಾರ, ಒಂದ್ ಗಂಟು ಮುಂದ ಕೊಡ್ರಿ" ಎನ್ನುತ್ತಿದ್ದ. ಮುಂದೆ ಜಾಸ್ತಿಯಾದರೆ ನಮ್ಮ ಸೋದರಮಾವನನ್ನು ಹಿಂದಕ್ಕೆ ಕಳಿಸುತ್ತಿದ್ದ. ಎರಡೂ ಸಮವಾದಾಗ ಕುದುರೆ ತಾನಾಗಿಯೇ ಹೆಜ್ಜೆ ಇಡುತ್ತಿತ್ತು.

ಟಾಂಗಾದ ಕಥೆ ಹೇಳಿ, "ಅಂದ್ರ ಸೋದರಮಾವನ್ನ ನಡುವ ಕೂಡಿಸಬೇಕಂತೀರಿ" ಎಂದೆ.

"ಕರೆಕ್ಟ್ ಸಾರ್!" ಮೇಸ್ತ್ರಿ ಆಲೂಗಡ್ಡೆ ಕೆಳಗಿಟ್ಟರು. "ಇಂಜಿನ್ನು ಗೇರ್‌ಬಾಕ್ಸು ಎರಡನ್ನೂ ಇಳಿಸೋದು, ಜೋಡಿಯಾಗಿ ಉಲ್ಟಾ ತಿರುಗಿಸೋದು. ಬಾಲದಲ್ಲಿರೋ ಇಂಜಿನ್ ಹಿಂಚಕ್ರದ ಮುಂದಕ್ಕೆ ಬರುತ್ತೆ. ಕಾರಿನ ಹೊಟ್ಟೆ ಒಳಗೆ."

"ಹೊಟ್ಟೆಯೊಳಗ ಈಗೇನದರಿ?"

ಮೇಸ್ತ್ರಿ ಅಡಿಗೆಮನೆಯ ಕಿಟಕಿಯತ್ತ ನೋಡಿದರು. "ನಮ್ಮ ಮನೆಯವರಿದ್ದಾರೆ."

ಕಮಲಮ್ಮ ಕಿಟಕಿಯಲ್ಲಿ ನಿಂತೇ ಎಲ್ಲ ಕೇಳಿಸಿಕೊಂಡಿದ್ದರು. ಹೊರಗೆ ಬಂದು ಆಲೂಗಡ್ಡೆಗಳನ್ನು ಎತ್ತಿಕೊಂಡರು. "ಸೀಟು ಕಿತ್ತಾಕಿದ್ರೆ ನಾನೆಲ್ಲಿ ಕೂತ್ಕೊಳ್ಲಿ? ಇಂಜಿನ್ ಮೇಲಾ?"

ಎರಡು ದಿನ ಮೇಸ್ತ್ರಿ ಊಟವನ್ನು ತಾವೇ ಬಡಿಸಿಕೊಂಡರು. ಮೂರನೆಯ ದಿನ ರೇವತಿ ಮೇಲೆ ಬಂದು, "ಅಣ್ಣಾ, ಅಮ್ಮ ಕರೀತಿದ್ದಾರೆ. ಪೆನ್ನು ತರ್ಬೇಕಂತೆ" ಎಂದಳು.

ಕಮಲಮ್ಮ ಷರತ್ತು ಹೇಳಿದರು. ಒಂದೇ ರೇಸು. ಗೆದ್ದರೂ ಸರಿ, ಸೋತರೂ ಸರಿ, ಓಡದೇ ಹೋದರೂ ಸರಿ, ಆ ಭಾನುವಾರ ಕಳೆದ ಮೇಲೆ ಇಂಜಿನ್ ಅದರ ಜಾಗಕ್ಕೆ, ಸೀಟು ಅದರ ಜಾಗಕ್ಕೆ. ಇನ್ನೊಂದು ಸಲದ ಮಾತಿಲ್ಲ. "ಇವ್ರು ಬಿಚ್ಚೋದ್ರಲ್ಲಿ ಗಟ್ಟಿಗರು. ವಾಪಸ್ ಜೋಡಿಸೋವಾಗ ಎರಡು ನಟ್ಟು ಯಾವಾಗ್ಲೂ ಮಿಗುತ್ತೆ. ನೀವು ಪೇಪರ್‌ನವರು, ಯಾವ ಪಕ್ಷಾನೂ ಅಲ್ಲ. ಏನೇನು ಬಿಚ್ತಾರೋ ಎಲ್ಲ ಬರ್ಕೊಳ್ಳಿ. ಎಲ್ಲಿತ್ತು, ಹೆಂಗಿತ್ತು, ಯಾವ ಕಡೆ ಇತ್ತು. ಹಂಗಂಗೇ ವಾಪಸ್ ಹೋಗ್ಬೇಕು."

ನಾನು ಒಪ್ಪಿದೆ. ನಿಜ ಹೇಳಬೇಕೆಂದರೆ ಹೆಮ್ಮೆಯೂ ಆಯಿತು. ರಾತ್ರಿಯೆಲ್ಲ ಬೇರೆಯವರ ವರದಿಗಳಲ್ಲಿ ತಪ್ಪು ಹುಡುಕುವವನಿಗೆ ತಾನೇ ಒಂದು ತಪ್ಪಿಲ್ಲದ ದಾಖಲೆ ಬರೆಯುವ ಅವಕಾಶ ಸುಲಭವಾಗಿ ಸಿಗುವುದಿಲ್ಲ. ಉದ್ದನೆಯ ನೋಟ್‌ಬುಕ್ಕಿನಲ್ಲಿ ಐದು ಕಾಲಮ್ಮು ಎಳೆದೆ. ವಸ್ತು, ಸಂಖ್ಯೆ, ಇದ್ದ ಕಡೆ, ಇಟ್ಟ ಜಾಗ, ವಾಪಸ್. 'ಎಡ ಎಂದರೆ ಡ್ರೈವರು ಕೂತಾಗಿನ ಎಡ' ಎಂದು ಮೊದಲ ಪುಟದಲ್ಲೇ ಸ್ಪಷ್ಟೀಕರಣ ಬರೆದೆ. ಮೊದಲ ನಮೂದು ಹೀಗಿತ್ತು: ಹಿಂದಿನ ಸೀಟು, ಒಂದು, ಮಧ್ಯೆ, ಮಹಡಿ ಕೋಣೆ. ಶೆಡ್ಡಿನಲ್ಲಿ ಜಾಗವಿಲ್ಲದ್ದರಿಂದ ಸೀಟು ನನ್ನ ಕೋಣೆಗೆ ಬಂತು. ಚಾಪೆಯ ಮೇಲೆ ಮಲಗುತ್ತಿದ್ದವನಿಗೆ ಸ್ಪ್ರಿಂಗಿನ ಹಾಸಿಗೆ ಸಿಕ್ಕಿತು. ಮಂಡಿ ಮಡಚಿಕೊಂಡರೆ ಸರಿಯಾಗಿ ಹಿಡಿಸುತ್ತಿತ್ತು. ತಗ್ಗಾದ ತುದಿಯಲ್ಲಿ ತಲೆ.

ಮೂರು ತಿಂಗಳು ಕೆಲಸ ನಡೆಯಿತು. ಮೇಸ್ತ್ರಿ ಕಾರಿನ ಕೆಳಗಿನಿಂದ ಕೂಗುತ್ತಿದ್ದರು, ನಾನು ಬೆತ್ತದ ಸ್ಟೂಲಿನ ಮೇಲೆ ಕೂತು ಬರೆಯುತ್ತಿದ್ದೆ. ಬೋಲ್ಟುಗಳು ಬಿಸ್ಕತ್ತಿನ ಡಬ್ಬಿಗಳಿಗೆ, ವಾಷರುಗಳು ಉಪ್ಪಿನಕಾಯಿ ಭರಣಿಗೆ. ಸಂಜೆ ಕಮಲಮ್ಮ ತಪಾಸಣೆಗೆ ಬರುತ್ತಿದ್ದರು. ಯಾವುದಾದರೂ ಒಂದು ಡಬ್ಬಿಗೆ ಕೈ ಹಾಕಿ ಒಂದು ಬೋಲ್ಟು ತೆಗೆದು, "ಇದು?" ಎನ್ನುತ್ತಿದ್ದರು. ನಾನು ಪುಟ ತಿರುವಿ ಓದಬೇಕು. ಒಮ್ಮೆ ಅಡಿಗೆಮನೆಯಿಂದಲೇ ಒಂದು ವಾಷರು ತಂದರು. "ಕಡಲೆಬೀಜದ ಡಬ್ಬಿಯಲ್ಲಿತ್ತು. ನಿಮ್ಮ ಬುಕ್ಕಲ್ಲಿ ಇದೆಯಾ?" ಇರಲಿಲ್ಲ. ಆ ದಿನ ನನಗೆ ಕಾಫಿ ಸಿಗಲಿಲ್ಲ.

ಕಾರಿನ ನೆಲವನ್ನು ಕತ್ತರಿಸಿ ಕಬ್ಬಿಣದ ಪೈಪಿನಲ್ಲಿ ಇಂಜಿನ್ನಿಗೆ ಹೊಸ ತೊಟ್ಟಿಲು ಮಾಡಿದರು. ಗೇರಿನ ಸರಳನ್ನು ಇಂಜಿನ್ನಿನ ಪಕ್ಕದಿಂದ ಸುತ್ತಿ ಹಿಂದಕ್ಕೆ ಒಯ್ದರು. ಡ್ರೈವರಿನ ಬೆನ್ನಿಗೂ ಇಂಜಿನ್ನಿಗೂ ನಡುವೆ ದಪ್ಪ ತಗಡು. ಬೀದಿಯವರು ಬಂದು ನೋಡಿ ಹೋಗುತ್ತಿದ್ದರು. ಎದುರುಮನೆಯ ಬೇಕರಿಯವರು ಒಮ್ಮೆ, "ಏನ್ ಗುರು, ಆಮೆ ಹೊಟ್ಟೆ ಕುಯ್ದು ಮೊಟ್ಟೆ ತೆಗೀತಿದ್ದೀಯಾ?" ಎಂದು ಕೇಳಿದರು.

"ತೆಗೀತಿಲ್ಲ ಮಗಾ, ಇಡ್ತಿದ್ದೀನಿ" ಎಂದರು ಮೇಸ್ತ್ರಿ.

ಗೇರ್‌ಬಾಕ್ಸನ್ನೂ ಬಿಚ್ಚಿ, ಸವೆದ ಬೇರಿಂಗು ಬದಲಾಯಿಸಿದರು. ಅದರೊಳಗೆ ಊಟದ ತಟ್ಟೆಯಷ್ಟು ಅಗಲದ ಹಲ್ಲಿನ ಚಕ್ರವೊಂದಿದೆ. ಇಂಜಿನ್ನಿನ ತಿರುಗುವಿಕೆಯನ್ನು ಹಿಂಚಕ್ರಗಳಿಗೆ ಮುಟ್ಟಿಸುವುದು ಅದೇ. ಮತ್ತೆ ಜೋಡಿಸುವ ದಿನ ಗೇರ್‌ಬಾಕ್ಸು ಮೇಜಿನ ಮೇಲೆ, ಕಾರಿನಲ್ಲಿ ಮೊದಲಿದ್ದ ದಿಕ್ಕಿಗೇ ಇತ್ತು. ಮೇಸ್ತ್ರಿ ಆ ಚಕ್ರವನ್ನು ಮಗುವನ್ನು ಹಿಡಿದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು, "ಸಾರ್, ಇದು ಯಾವ ಕಡೆ ಇತ್ತು?" ಎಂದರು.

ನಾನು ಪುಟ ತೆಗೆದು ಗಟ್ಟಿಯಾಗಿ ಓದಿದೆ. "ಎಡಗಡೆ. ಹಲ್ಲುಗಳ ಮುಖ ಬಲಕ್ಕೆ."

"ಎಡಗಡೆ" ಎಂದು ಮೇಸ್ತ್ರಿ ಎಡಗಡೆಗೇ ಕೂರಿಸಿದರು. ಅಡಿಗೆಮನೆಯ ಕಿಟಕಿಯಲ್ಲಿ ಕಮಲಮ್ಮ ತಲೆಯಾಡಿಸಿದರು. ನಾನು 'ವಾಪಸ್' ಕಾಲಮ್ಮಿನಲ್ಲಿ ಗುರುತು ಹಾಕಿದೆ. ಮೂವರಿಗೂ ಪರಮ ತೃಪ್ತಿ.

ರೇಸಿನ ಹಿಂದಿನ ಗುರುವಾರ ಕಾರನ್ನು ಮರದ ದಿಮ್ಮಿಗಳ ಮೇಲೆ ನಿಲ್ಲಿಸಿ ಇಂಜಿನ್ ಚಾಲೂ ಮಾಡಿದರು. ರೇವತಿ ಗೇರ್ ಹಾಕಿದಳು. ನೆಲ ಮುಟ್ಟದ ಹಿಂಚಕ್ರಗಳು ಗಿರ್ರನೆ ತಿರುಗಿದವು. ಬೇಕರಿಯವರು ಒಂದು ಟ್ರೇ ದಿಲ್‌ಪಸಂದ್ ಕಳಿಸಿದರು. ನಾನು ನೋಟ್‌ಬುಕ್ಕಿನಲ್ಲಿ 'ಚಕ್ರಗಳು ತಿರುಗಿದವು' ಎಂದು ಬರೆದೆ. ಯಾರು, ಏನು, ಎಲ್ಲಿ, ಯಾವಾಗ ಎಂಬ ಪ್ರಶ್ನೆಗಳನ್ನು ನನ್ನಿಂದ ಬಾಯಿಪಾಠ ಮಾಡಿಸಿದ ಹಿರಿಯರು ಕಚೇರಿಯಲ್ಲಿದ್ದರು. ಯಾವ ಕಡೆಗೆ ಎಂಬ ಪ್ರಶ್ನೆ ಅವರ ಪಟ್ಟಿಯಲ್ಲಿರಲಿಲ್ಲ.

ಶನಿವಾರ ಬೆಳಿಗ್ಗೆ ಪೂಜೆ. ಸಂಜೆ ನಾಲ್ಕಕ್ಕೆ ಬಯಲಿನಲ್ಲಿ ತಪಾಸಣೆ, ಅಲ್ಲಿ ಪಾಸಾದರೆ ಭಾನುವಾರ ಓಟ. ಕಮಲಮ್ಮ ಕಾರಿಗೆ ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಹಾರ ಹಾಕಿ, ಕರ್ಪೂರ ಬೆಳಗಿ, ನಾಲ್ಕು ಚಕ್ರಗಳ ಮುಂದೆ ನಾಲ್ಕು ನಿಂಬೆಹಣ್ಣು ಇಟ್ಟರು. ಬೀದಿಯೆಲ್ಲ ನೆರೆದಿತ್ತು. ರೇವತಿ ಕೂತಳು, ಮೊದಲನೇ ಗೇರ್ ಹಾಕಿದಳು, ಕ್ಲಚ್ ಬಿಟ್ಟಳು.

ಕಾರು ಗಂಭೀರವಾಗಿ ಹಿಂದಕ್ಕೆ ಹೋಯಿತು. ಹೋಗಿ ನೀರಿನ ಡ್ರಮ್ಮಿಗೆ ತಾಗಿ ನಿಂತಿತು. ನಾಲ್ಕು ನಿಂಬೆಹಣ್ಣುಗಳು ಸಾಲಾಗಿ, ಗಾಯವಿಲ್ಲದೆ, ಬೀದಿಯಲ್ಲಿ ಕೂತಿದ್ದವು.

"ಏಯ್, ರಿವರ್ಸ್ ಹಾಕ್ಬಿಟ್ಟೆ" ಎಂದರು ಮೇಸ್ತ್ರಿ.

"ಇಲ್ಲಪ್ಪಾ, ಫಸ್ಟೇ."

"ಸೆಕೆಂಡ್ ಹಾಕು."

ಕಾರನ್ನು ತಳ್ಳಿಕೊಂಡು ಬಂದು ನಿಲ್ಲಿಸಿದೆವು. ಸೆಕೆಂಡಿನಲ್ಲೂ ಹಿಂದಕ್ಕೆ, ಇನ್ನೂ ಸ್ವಲ್ಪ ಜೋರಾಗಿ. ಮೇಸ್ತ್ರಿಯವರಿಗೆ ನಿಧಾನವಾಗಿ ಅರ್ಥವಾಯಿತು. ಗೇರ್‌ಬಾಕ್ಸನ್ನು ಇಡಿಯಾಗಿ ತಿರುಗಿಸಿ ಕೂರಿಸಿದ ಮೇಲೆ, ಆ ಹಲ್ಲಿನ ಚಕ್ರವನ್ನು ಇನ್ನೊಂದು ಕಡೆಗೆ ಬದಲಾಯಿಸಬೇಕಿತ್ತು. ಇಲ್ಲದಿದ್ದರೆ ಎಲ್ಲವೂ ಹಿಂದುಮುಂದು. ನಾಲ್ಕು ಗೇರು ಹಿಂದಕ್ಕೆ, ಇದ್ದ ಒಂದು ರಿವರ್ಸು ಮಾತ್ರ ಮುಂದಕ್ಕೆ. ದಾಖಲೆಯಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಕಾರು ಮಾತ್ರ ಡ್ರಮ್ಮಿನ ಪಕ್ಕದಲ್ಲಿತ್ತು.

ಪತ್ರಿಕೆಯಲ್ಲಿ ತಪ್ಪಾದರೆ ಮರುದಿನ ಒಳಪುಟದಲ್ಲಿ ತಿದ್ದುಪಡಿ ಹಾಕುತ್ತೇವೆ. ಇಲ್ಲಿ ಏನನ್ನು ತಿದ್ದಲಿ? ಎಡಗಡೆ ಇದ್ದದ್ದು ಎಡಗಡೆಗೇ ಹೋಗಿತ್ತು. ನೋಟ್‌ಬುಕ್ಕನ್ನು ಬೆನ್ನ ಹಿಂದೆ ಹಿಡಿದುಕೊಂಡು ನಿಂತೆ.

"ಮತ್ತೆ ಬಿಚ್ಚಿ ಹಾಕೋಕೆ ಎಷ್ಟೊತ್ತಾಗುತ್ತೆ?" ಎಂದು ರೇವತಿ ಕೇಳಿದಳು.

"ಎರಡು ದಿನ" ಎಂದರು ಮೇಸ್ತ್ರಿ. ಖಾಲಿ ಡಬ್ಬಿಯೊಂದನ್ನು ಬೋರಲು ಹಾಕಿ ಅದರ ಮೇಲೆ ಕೂತುಬಿಟ್ಟರು. ಷರತ್ತು ಎಲ್ಲರಿಗೂ ನೆನಪಿತ್ತು. ಓಡದೇ ಹೋದರೂ ಸರಿ, ಒಂದೇ ಭಾನುವಾರ. ಅವರ ಶರ್ಟಿನ ಜೇಬಿನಲ್ಲಿ ಪ್ರವೇಶ ಅರ್ಜಿಯ ಪ್ರತಿ ಇತ್ತು. 'ವಾಹನ ಸಿದ್ಧಪಡಿಸಿದವರು: ಧನಪಾಲ್, ಹಲಸೂರು.' ಅದನ್ನು ನಾನೇ ದುಂಡಗೆ ಬರೆದುಕೊಟ್ಟಿದ್ದೆ.

ಕಮಲಮ್ಮ ನಿಂಬೆಹಣ್ಣುಗಳನ್ನು ಎತ್ತಿಕೊಂಡು ಸೆರಗಿನಲ್ಲಿ ಒರೆಸಿ, ಚಕ್ರಗಳ ಹಿಂದೆ ಇಟ್ಟರು. "ಅದು ಯಾವ ಕಡೆ ಹೋಗುತ್ತೋ ಆ ಕಡೇನೇ ಇಡೋಣ. ದೇವ್ರಿಗೆ ಎರಡೂ ಕಡೆ ದಾರಿನೇ."

ಅಷ್ಟರಲ್ಲಿ ರೇವತಿಗೆ ಏನೋ ಹೊಳೆದಿತ್ತು. ಅಮ್ಮನನ್ನು ನೋಡದೆ ರಿವರ್ಸ್ ಹಾಕಿ ಕ್ಲಚ್ ಬಿಟ್ಟಳು. ಕಾರು ಕಿರುಚಿಕೊಂಡು ಮುಂದಕ್ಕೆ ಬಂತು. ನಿಂಬೆಹಣ್ಣು ಮತ್ತೆ ಹಿಂದೆಯೇ ಉಳಿದವು. ಬೀದಿ ಹೋ ಎಂದು ನಕ್ಕಿತು.

"ಒಂದು ಕಡೆ ನೆಟ್ಟಗೆ ನಿಂತ್ಕೊಳ್ಳೇ!" ಎಂದು ಕಮಲಮ್ಮ ಗದರಿದ್ದು ಮಗಳನ್ನೋ ಕಾರನ್ನೋ ತಿಳಿಯಲಿಲ್ಲ. ಈ ಸಲ ಎರಡು ಹಣ್ಣು ಮುಂದೆ, ಎರಡು ಹಿಂದೆ ಇಟ್ಟರು. ಮುಂದಿನ ಎರಡು ಪಚಕ್ಕೆಂದವು. "ಹೋಗುತ್ತಲ್ಲ, ಮುಂದಕ್ಕೆ" ಎಂದು ಗಂಡನ ಕಡೆ ತಿರುಗಿದರು. "ಒಂದು ಗೇರಲ್ಲಿ ಹೋಗುತ್ತೆ. ಏಳಿ. ಯಾರ್ಯಾರೋ ಕಾರಿಗೆಲ್ಲ ಓಡಾಡಿದ್ರಿ, ನಿಮ್ಮ ಕಾರಿಗೆ ಡಬ್ಬಿ ಮೇಲೆ ಕೂತ್ರಾ?"

ಹೀಗೆ ನಾವು ಹಳೇ ಮದರಾಸು ರಸ್ತೆಯಲ್ಲಿ ಒಂದೇ ಗೇರಿನಲ್ಲಿ ಹೊರಟೆವು. ರೇವತಿ ಓಡಿಸುತ್ತಿದ್ದಳು, ನಾನು ಪಕ್ಕದಲ್ಲಿ, ಮೇಸ್ತ್ರಿ ಸ್ಕೂಟರಿನಲ್ಲಿ ಮುಂದೆ ದಾರಿ ಬಿಡಿಸುತ್ತ. ತಗಡಿನ ಆಚೆ ಇಂಜಿನ್ನು ಕಿವಿಯ ಪಕ್ಕದಲ್ಲೇ ಅರಚುತ್ತಿತ್ತು. ಬೆನ್ನು ದೋಸೆಯ ಹಂಚಿಗೆ ಒರಗಿದಂತಿತ್ತು. ಸೈಕಲ್ಲಿನವರು ನಮ್ಮನ್ನು ದಾಟಿ ಹೋಗಿ, ತಿರುಗಿ ನೋಡಿ, ನಿಧಾನಿಸಿ, ಜೊತೆಯಲ್ಲೇ ಬಂದರು. ಟಿನ್ ಫ್ಯಾಕ್ಟರಿಯಲ್ಲಿ ಬಸ್ಸಿಗೆ ಕಾದಿದ್ದವರೆಲ್ಲ ಸದ್ದು ಕೇಳಿ ಲಾರಿ ಬರುತ್ತಿದೆಯೆಂದು ಹಿಂದೆ ಸರಿದರು. ಬಂದದ್ದು ಹಾರ ಹಾಕಿಕೊಂಡ ಆಮೆ. ಆಗ ಅಲ್ಲಿ ತೂಗುಸೇತುವೆ ಬಂದಿರಲಿಲ್ಲ. ರೈಲ್ವೆ ಗೇಟು ಹಾಕಿತ್ತು. ಗೇಟು ತೆಗೆಯುವವರೆಗೆ ನೆರೆದವರ ಪ್ರಶ್ನೆಗಳಿಗೆ ಉತ್ತರ ಕೊಡುವುದು ನನ್ನ ಪಾಲಿಗೆ ಬಂತು. ಪತ್ರಕರ್ತನಾಗಿ ಅಷ್ಟು ಪ್ರಶ್ನೆಗಳನ್ನು ನಾನು ಯಾರಿಗೂ ಕೇಳಿರಲಿಲ್ಲ.

ಬಯಲಿನಲ್ಲಿ ತಪಾಸಣೆಯ ಅಧಿಕಾರಿ ಬಿಳಿ ಟೋಪಿ ಹಾಕಿಕೊಂಡ ತೆಳ್ಳಗಿನ ಮನುಷ್ಯ. ಬ್ರೇಕು, ಬೆಲ್ಟು, ತಗಡು ಎಲ್ಲ ನೋಡಿ ಟಿಕ್ಕು ಹಾಕುತ್ತ ಬಂದರು.

"ರಿವರ್ಸ್ ಗೇರ್ ಇದೆಯೇನ್ರೀ? ರೂಲ್ ಪ್ರಕಾರ ಇರ್ಲೇಬೇಕು."

"ಇದೆ ಸಾರ್" ಎಂದಳು ರೇವತಿ. "ನಾಲ್ಕಿವೆ."

ಅವರು ಪೆನ್ನು ನಿಲ್ಲಿಸಿದರು. "ಮುಂದಕ್ಕೆ?"

"ಒಂದು."

ಮೇಸ್ತ್ರಿ ಆಕಾಶ ನೋಡುತ್ತಿದ್ದರು. ಅಧಿಕಾರಿ ನಿಯಮಗಳ ಪುಸ್ತಕ ತೆಗೆದು ಎರಡು ಸಲ ಓದಿದರು. ಕಾರನ್ನು ಒಂದು ಸುತ್ತು ಬಂದು ಇಂಜಿನ್ ಇರುವ ಜಾಗವನ್ನು ಬಗ್ಗಿ ನೋಡಿ, ತುಂಬ ಹೊತ್ತು ಹಾಗೆಯೇ ಇದ್ದರು. ಎದ್ದಾಗ ಅವರ ದನಿ ಬೇರೆಯಾಗಿತ್ತು. "ಈ ತೊಟ್ಟಿಲು ಯಾರು ಮಾಡಿದ್ದು?"

"ನಾನು ಸಾರ್."

"ಚೆನ್ನಾಗಿ ಮಾಡಿದ್ದೀರಿ." ಮತ್ತೆ ಪುಸ್ತಕದತ್ತ ನೋಡಿ, "ರಿವರ್ಸ್ ಒಂದಕ್ಕಿಂತ ಜಾಸ್ತಿ ಇರ್ಬಾರ್ದು ಅಂತ ಎಲ್ಲೂ ಬರೆದಿಲ್ಲ" ಎಂದು ಟಿಕ್ಕು ಹಾಕಿದರು.

ಅಂದು ಸಂಜೆ ಜೋರು ಮಳೆ. ಭಾನುವಾರ ಬೆಳಿಗ್ಗೆ ಬಯಲು ಹದವಾಗಿ ನಾದಿದ ರಾಗಿಹಿಟ್ಟಿನಂತಿತ್ತು. ಕಮಲಮ್ಮ ಬಸ್ಸಿನಲ್ಲಿ ಚಿತ್ರಾನ್ನದ ಡಬ್ಬಿಯೊಡನೆ ಬಂದು, ನನ್ನ ಪಕ್ಕದಲ್ಲಿ ಛತ್ರಿ ಊರಿಕೊಂಡು ನಿಂತರು. ನಮ್ಮ ವರ್ಗದಲ್ಲಿ ಆರು ಕಾರು. ವೇಗದ ಕಾರುಗಳು ಬಂದವು, ಮೊದಲ ತಿರುವಿನಲ್ಲಿ ಜಾರಿದವು. ಒಂದು ಸುಣ್ಣದ ಗೆರೆ ದಾಟಿ ಹೋಗಿ ಹೂತುಕೊಂಡಿತು. ಇನ್ನೊಂದು ಸುತ್ತ ತಿರುಗಿ ಬಂದ ದಾರಿಗೇ ಮುಖ ಮಾಡಿ ನಿಂತಿತು.

ರೇವತಿಯ ಸರದಿ ಬಂತು. ಕಾರು ಕಿರುಚುತ್ತ ಹೊರಟಿತು. ವೇಗ ಎತ್ತಿನಗಾಡಿಗಿಂತ ಸ್ವಲ್ಪ ಹೆಚ್ಚು ಎಂದು ಬರೆದರೆ ಉತ್ಪ್ರೇಕ್ಷೆ, ಆದರೆ ಬಹಳ ದೊಡ್ಡ ಉತ್ಪ್ರೇಕ್ಷೆಯಲ್ಲ. ತಿರುವು ಬಂತು. ಬಾಲ ಬೀಸಲಿಲ್ಲ. ನಾಲ್ಕೂ ಚಕ್ರಗಳು ಕೆಸರನ್ನು ಕಚ್ಚಿಕೊಂಡು, ಗೆರೆಯ ಮೇಲೆ ಇಟ್ಟಂತೆ ತಿರುಗಿದವು. ಎರಡನೇ ತಿರುವು, ಮೂರನೇ ತಿರುವು. ಮೇಸ್ತ್ರಿ ಕೈಯಲ್ಲಿ ತಾವೇ ಸ್ಟಿಯರಿಂಗು ಹಿಡಿದಂತೆ ಗಾಳಿಯನ್ನು ತಿರುಗಿಸುತ್ತಿದ್ದರು. ಅಂಥ ಸಮಭಾರದ ಹೆಜ್ಜೆಯನ್ನು ನಾನು ಹಿಂದೆ ಕಂಡದ್ದು ಟಾಂಗಾದ ಕುದುರೆಯಲ್ಲಿ.

ನಾಲ್ಕನೇ ತಿರುವಿನಲ್ಲಿ ರೇವತಿ ಒಂದು ಟೈರನ್ನು ತಪ್ಪು ಬದಿಯಿಂದ ದಾಟಿಬಿಟ್ಟಳು. ಹಿಂದಕ್ಕೆ ಬಂದು ಸರಿಯಾದ ಬದಿಯಿಂದ ಹೋಗದಿದ್ದರೆ ಓಟ ಲೆಕ್ಕಕ್ಕಿಲ್ಲ. ಬೇರೆ ಯಾರಿಗಾದರೂ ಅಲ್ಲಿಗೆ ಕಥೆ ಮುಗಿಯುತ್ತಿತ್ತು. ರೇವತಿ ಸೆಕೆಂಡ್ ಗೇರ್ ಹಾಕಿದಳು. ಕಾರು ಬಿಟ್ಟ ಬಾಣದಂತೆ ಹಿಂದಕ್ಕೆ ಬಂದು, ಟೈರಿನ ಆಚೆ ನಿಂತು, ಮತ್ತೆ ಕಿರುಚಿಕೊಂಡು ಮುಂದೆ ಹೋಯಿತು. ಬಯಲೆಲ್ಲ ಶಿಳ್ಳೆ. ಮೈಕಿನವರು, "ವಾಪಸ್ ಬರೋದ್ರಲ್ಲಿ ಈ ಕಾರೇ ಫಸ್ಟು!" ಎಂದು ಘೋಷಿಸಿದರು. ಮುಂದುವರಿದು ಅರ್ಜಿ ನೋಡಿ ಓದಿದರು: "ಚಾಲಕಿ ರೇವತಿ. ವಾಹನ ಸಿದ್ಧಪಡಿಸಿದವರು, ಹಲಸೂರಿನ ಧನಪಾಲ್."

ಮೇಸ್ತ್ರಿ ಕೈ ಕೆಳಗಿಳಿಸಿದರು. ಕಮಲಮ್ಮ ಛತ್ರಿಯ ಹಿಡಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡರು. ಅಷ್ಟೇ ಆದದ್ದು. ನಾನು ದಾಖಲಿಸಿಕೊಂಡಿದ್ದೇನೆ.

ಆರರಲ್ಲಿ ನಾಲ್ಕನೆಯ ಸ್ಥಾನ. ಇಬ್ಬರು ಓಟವನ್ನೇ ಮುಗಿಸದಿದ್ದರಿಂದ ಇದನ್ನು ಕೊನೆಯ ಸ್ಥಾನ ಎಂದೂ ಹೇಳಬಹುದು. ನಾನು ನಾಲ್ಕನೆಯದು ಎಂದೇ ಬರೆದೆ, ಅದೂ ನಿಜವೇ.

ಮರಳುವಾಗ ನ್ಯಾಯವಾಗಿ ನಾನು ಬಸ್ಸು ಹಿಡಿದೆ. ಮೇಸ್ತ್ರಿಗೆ ಸ್ಕೂಟರಿತ್ತು. ಹಿಂದಿನ ಸೀಟಿಲ್ಲದ ಕಾರಿನಲ್ಲಿ ಕಮಲಮ್ಮ ಮೊದಲ ಬಾರಿಗೆ ಮುಂದೆ ಕೂತರು. ಬಸ್ಸಿನ ಕಿಟಕಿಯಿಂದ ಒಮ್ಮೆ ಕಂಡರು. ಚಿತ್ರಾನ್ನದ ಖಾಲಿ ಡಬ್ಬಿ ತೊಡೆಯ ಮೇಲೆ, ಒಂದು ಕೈ ಡ್ಯಾಶ್‌ಬೋರ್ಡಿನ ಮೇಲೆ, ಕಣ್ಣು ರಸ್ತೆಯ ಮೇಲೆ. ನನ್ನ ಬಸ್ಸು ಅವರನ್ನು ಹಿಂದೆ ಹಾಕಿದ್ದು ಅವರಿಗೆ ಗೊತ್ತೇ ಆಗಲಿಲ್ಲ.

ಸೋಮವಾರ ಬೆಳಿಗ್ಗೆ ಪಾಳಿ ಮುಗಿಸಿ ಬಂದಾಗ ಮೇಸ್ತ್ರಿ ಮಾತಿಗೆ ತಪ್ಪದೆ ನನ್ನ ಬಾಗಿಲಲ್ಲಿ ನಿಂತಿದ್ದರು. "ಸೀಟು ಇಳಿಸೋಣ ಸಾರ್. ಬುಕ್ಕು ತನ್ನಿ. ಕೊನೇ ಪುಟದಿಂದ ಓದ್ತಾ ಬನ್ನಿ." ದನಿಯಲ್ಲಿ ಬೇಸರವಿರಲಿಲ್ಲ. ಹೆಸರು ಮೈಕಿನಲ್ಲಿ ಬಂದಾಗಿತ್ತು. ಇಬ್ಬರೂ ಸೀಟಿನ ಒಂದೊಂದು ತುದಿ ಹಿಡಿದು ಮೆಟ್ಟಿಲಿನ ಅರ್ಧಕ್ಕೆ ಇಳಿದೆವು. ಕೆಳಗೆ ಕಮಲಮ್ಮ ಕಾಫಿ ಲೋಟ ಹಿಡಿದು ದಾರಿಗಡ್ಡ ನಿಂತಿದ್ದರು.

"ಎಲ್ಲಿಗೆ?"

"ಒಪ್ಪಂದ ಅಲ್ವಾ" ಎಂದರು ಮೇಸ್ತ್ರಿ.

"ಒಪ್ಪಂದ ಏನಂತ? ರೇಸ್ ಆದ್ಮೇಲೆ ಅಂತ. ಅದು ರೇಸಾ? ನಾಲ್ಕು ಗೇರಲ್ಲಿ ಮೂರು ಗೇರು ಕೆಲಸಾನೇ ಮಾಡ್ಲಿಲ್ಲ. ನಾಲ್ಕೂ ಗೇರು ಮುಂದಕ್ಕೆ ಹೋಗೋದನ್ನ ನಾನು ನೋಡ್ಬೇಕು. ಆಮೇಲೆ ಸೀಟಿನ ಮಾತು." ಮತ್ತೆ ನನ್ನ ಕಡೆ ತಿರುಗಿ, "ಬರ್ಕೊಳ್ಳಿ" ಎಂದರು.

ಲೆಕ್ಕದಲ್ಲಿ ದೋಷವಿತ್ತು. ಮುಂದಕ್ಕೆ ಹೋಗದ ಗೇರುಗಳು ಮೂರಲ್ಲ, ನಾಲ್ಕೂ. ಆದರೆ ನಾನು ತಿದ್ದಲಿಲ್ಲ. ಉಪಸಂಪಾದಕನಾಗಿ ನಾನು ಗೊತ್ತಿದ್ದೂ ಬಿಟ್ಟ ತಪ್ಪು ಬಹುಶಃ ಅದೊಂದೇ.

"ಅಲ್ಲಿವರ್ಗೂ ನೀನೆಲ್ಲಿ ಕೂತ್ಕೊಳ್ತೀಯಾ?" ಎಂದು ಮೇಸ್ತ್ರಿ ಮೆಲ್ಲಗೆ ಕೇಳಿದರು.

ಕಮಲಮ್ಮ ಲೋಟವನ್ನು ಮೆಟ್ಟಿಲ ಮೇಲಿಟ್ಟರು. "ಮುಂದೆ. ಇಷ್ಟು ವರ್ಷ ನಿಮ್ಮಿಬ್ಬರ ತಲೆ ನೋಡ್ಕೊಂಡು ಊರು ಸುತ್ತಿದ್ದೀನಿ. ಮುಂದೆ ಕೂತ್ರೆ ರಸ್ತೆ ಬರೋದು ಕಾಣುತ್ತೆ ಕಣ್ರೀ."

ನಾವು ಸೀಟನ್ನು ಮತ್ತೆ ಮೇಲಕ್ಕೆ ಹೊತ್ತೆವು.

ಮುಂದಿನ ವರ್ಷ ಹಲ್ಲಿನ ಚಕ್ರ ಬಲಗಡೆಗೆ ಹೋಯಿತು. ನಾಲ್ಕೂ ಗೇರು ಮುಂದಕ್ಕೆ ಹೋದವು, ರೇವತಿ ಎರಡನೆಯವಳಾಗಿ ಬಂದಳು. ಸೀಟಿನ ಮಾತು ಎತ್ತಿದಾಗ ಕಮಲಮ್ಮ, ಮೊದಲನೆಯವಳಾಗಿ ಬರಲಿ ಎಂದರು. ಅದರ ಮುಂದಿನ ವರ್ಷ ಅದೂ ಆಯಿತು. ಆಗ ಮಳೆ ಇತ್ತು, ಒಣಮಣ್ಣಿನಲ್ಲಿ ಗೆದ್ದು ತೋರಿಸಲಿ ಎಂದರು. ನನಗೆ ಮದುವೆಯಾಗಿ, ಕೆ.ಆರ್. ಪುರದಲ್ಲಿ ಮನೆಯಾಗಿ, ಹಲಸೂರಿನ ಕೋಣೆ ಬಿಡುವಾಗ ಸೀಟೂ ನನ್ನ ಜೊತೆ ಟೆಂಪೋ ಹತ್ತಿತು. "ನಿಮ್ಮ ಹತ್ರ ಇರ್ಲಿ. ದಾಖಲೆ ನಿಮ್ಮ ಹತ್ರಾನೇ ಇದೆಯಲ್ಲ" ಎಂದರು ಕಮಲಮ್ಮ. ನಮ್ಮ ಮನೆಗೆ ಬಂದರೆ ಅವರು ಈಗಲೂ ಕೂರುವುದು ಆ ಬಲತುದಿಯಲ್ಲಿ. ಕುರ್ಚಿ ತೋರಿಸಿದರೆ ಬೈಸಿಕೊಳ್ಳಬೇಕು.

ಕುಶನ್ನಿನವರು ಕಾದಿದ್ದರು. ನನ್ನ ಹೆಂಡತಿ ನೀಲಿ ಬಣ್ಣದ ಬಟ್ಟೆ ಆರಿಸಿದ್ದಳು. ವಸ್ತು ನನ್ನದಲ್ಲವಾದ್ದರಿಂದ ಕೇಳದೆ ಮುಟ್ಟುವಂತಿಲ್ಲ. ಹಲಸೂರಿಗೆ ಫೋನ್ ಮಾಡಿದೆ.

"ನೀಲಿ ಗೀಲಿ ಏನೂ ಬೇಡ" ಎಂದರು ಕಮಲಮ್ಮ. "ಅದೇ ಕಂದು ಹಾಕ್ಸಿ. ನಾಳೆ ಕಾರಿಗೆ ವಾಪಸ್ ಹಾಕೋವಾಗ ಹೊಂದ್ಬೇಕಲ್ಲ."

"ನಾಳೆ ಹಾಕಿಸ್ತೀರೇನ್ರಿ?"

ಫೋನಿನ ಆಚೆಯಿಂದ ಆ ಇಂಜಿನ್ನಿನ ಸದ್ದು ಕೇಳಿಸಿತು. ಎಲ್ಲಿದ್ದರೂ ಗುರುತು ಹಿಡಿಯುತ್ತೇನೆ, ನನ್ನ ಬೆನ್ನಿಗೆ ಅದರ ಪರಿಚಯವಿದೆ. ಕಮಲಮ್ಮ ದನಿ ಎತ್ತರಿಸಿದರು. "ರೇವತಿ ಬಂದ್ಳು, ಇಡ್ತೀನಿ. ನಿಮ್ಮ ಮೇಸ್ತ್ರಿ ಮುಂದಿನ ಸೀಟಿನ ಬಾಗಿಲು ಹಿಡ್ಕೊಂಡು ನಿಂತಿದ್ದಾರೆ, ಕಾಲು ನೋವಂತೆ. ಆಟೋದಲ್ಲಿ ಬರ್ತಾರೆ ಬಿಡಿ."

ಕುಶನ್ನಿನವರಿಗೆ ಕಂದು ಎಂದು ಹೇಳಿ, ಒಳಗೆ ಹೋಗಿ ಬೀರುವಿನಿಂದ ನೋಟ್‌ಬುಕ್ಕು ತೆಗೆದೆ. ಮೊದಲ ಪುಟ, ಮೊದಲ ನಮೂದು. ಹಿಂದಿನ ಸೀಟು, ಒಂದು, ಮಧ್ಯೆ. 'ಇಟ್ಟ ಜಾಗ' ಎಂಬಲ್ಲಿ 'ಮಹಡಿ ಕೋಣೆ'ಯನ್ನು ಹೊಡೆದು 'ಕೆ.ಆರ್. ಪುರ, ವರಾಂಡ' ಎಂದು ಬರೆದು ಬಹಳ ವರ್ಷವಾಗಿದೆ. ಅದರ ಕೆಳಗೆ 'ಬಟ್ಟೆ ಹೊಸತು, ಬಣ್ಣ ಅದೇ' ಎಂದು ಸೇರಿಸಿದೆ. 'ವಾಪಸ್' ಕಾಲಮ್ಮು ಖಾಲಿ ಇದೆ, ಅದು ಹಾಗೇ ಇರಲಿ ಎಂದು ಪುಸ್ತಕ ಮುಚ್ಚಿದೆ. ಹೊರಗಿನಿಂದ ಕುಶನ್ನಿನವರು, "ಸಾರ್, ಬಲಗಡೆ ತುಂಬಾ ತಗ್ಗಿದೆ, ಸ್ಪಂಜು ತುಂಬಿಸಿ ಸಮ ಮಾಡಿಬಿಡ್ಲಾ?" ಎಂದು ಕೇಳಿದರು.

"ಬ್ಯಾಡ್ರಿ" ಎಂದೆ. "ಹೆಂಗಿತ್ತೋ ಹಂಗೇ ಇರಲಿ."